ಮೂಲಾ ಹತ್ತುವ ಮೊದಲು

೧೨ ನವೆಂಬರ್ ೧೯೩೫, ಮಂಗಳವಾರ

ಬೆಳಿಗ್ಗೆ ಆರಕ್ಕೆ ಹೋದವಳು ಮನೆ ಮುಟ್ಟಿದ್ದು ಮಧ್ಯಾಹ್ನ ಎರಡಕ್ಕೆ. ಊರ ಹೊರಗಿನ ಒಕ್ಕಲಿಗರ ಮನೆಯ ಕೇಸು. ಗಂಡು. ಆರು ಪೌಂಡು ಇರಬಹುದು. ತಾಯಿ ಸುಖ.

ಸೂಲಗಿತ್ತಿ ಹುಲಿಗೆವ್ವ ನನಗಿಂತ ಮೊದಲೇ ಬಂದು ಕೂತಿದ್ದಳು. ಬೇನೆ ಬೇಗ ಬರಲೆಂದು ನಸುಕಿನಿಂದಲೇ ಶುಂಠಿ ಮೆಣಸಿನ ಕಷಾಯ ಕುಡಿಸಿದ್ದಾಳೆ. ಹುಡುಗಿಗೆ ವಾಂತಿಯೋ ವಾಂತಿ. ಬೈದೆ.

“ಯಾಕಿಷ್ಟು ಅವಸರ ಹುಲಿಗೆವ್ವಾ? ಗರ್ಭದ ಬಾಯಿ ಇನ್ನೂ ಎರಡು ಬೆರಳು ತೆರದಿಲ್ಲ.”

“ಮನಿಯವರು ಕೇಳತಾರಲ್ರೀ ಬಾಯಾರ. ಸುಮ್ಮನ ಕುಂತ್ರ, ಇಕಿಗೆ ಏನೂ ಬರಾಂಗಿಲ್ಲ ಅಂತಾರ್ರಿ.”

ಕಾಯುವುದೇ ನಮ್ಮ ಕೆಲಸ ಎಂದು ನೆರೆದ ಹೆಂಗಸರ ಮುಂದೆಲ್ಲ ಉಪದೇಶ ಕೊಟ್ಟೆ. ಉಪದೇಶ ಮಾಡುವಾಗ ನನ್ನ ದನಿ ನನಗೇ ಬಹಳ ಚೆನ್ನಾಗಿ ಕೇಳಿಸುತ್ತದೆ.

ಮನೆಗೆ ಬಂದು ಕತ್ತರಿ, ರಬ್ಬರ್ ನಳಿಗೆ ಕುದಿಸಿ ಚೀಲ ಮತ್ತೆ ಸಜ್ಜು ಮಾಡಿದೆ. ಅರ್ಗಟ್ ಬಾಟಲಿ ಅರ್ಧವಾಗಿದೆ. ಡಾಕ್ಟರ್ ಏಕನಾಥರು ಕೊಟ್ಟ ಎರಡು ಪಿಟ್ಯುಟ್ರಿನ್ ಸೀಸೆ, ಗರ್ಭಚೀಲ ಬಿಗಿಸುವ ಸೂಜಿಮದ್ದು, ಹತ್ತಿಯಲ್ಲಿ ಸುತ್ತಿಟ್ಟಿದ್ದೇನೆ. ಕಿರುಬೆರಳಿಗಿಂತ ಚಿಕ್ಕವು. ನರ್ಸುಗಳು ಇಟ್ಟುಕೊಳ್ಳುವ ವಸ್ತುವಲ್ಲ ಅದು. ಆದರೆ ಹಳ್ಳಿಯ ಕೇಸಿನಲ್ಲಿ ಹೆರಿಗೆಯಾದ ಮೇಲೆ ರಕ್ತ ನಿಲ್ಲದಿದ್ದರೆ, ಡಾಕ್ಟರಿಗೆ ಟಾಂಗಾ ಕಳಿಸಿ ಅವರು ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಅದಕ್ಕೇ ನನ್ನ ಚೀಲದಲ್ಲಿ ಇಡುತ್ತಾರೆ. “ಕೂಸು ಹೊರಗ ಬಂದ ಮ್ಯಾಲೆ ಅಂಬಾಬಾಯಿ. ಅದಕ್ಕೂ ಮೊದಲ ಮುಟ್ಟಬ್ಯಾಡ್ರಿ.” ಧಾರವಾಡದಲ್ಲಿ ಬೇರೆ ಯಾವ ನರ್ಸಿಗೂ ಈ ಸಲಿಗೆ ಇಲ್ಲ. ದನದ ತಲೆಯೊಳಗಿನ ಗ್ರಂಥಿಯಿಂದ ತೆಗೆಯುವ ಔಷಧ ಅದು. ಅಣ್ಣನಿಗೆ ಹೇಳಿದರೆ ನನ್ನ ಚೀಲಕ್ಕೂ ನನಗೂ ಹಿತ್ತಲೇ ಗತಿ.

ಸಂಜೆಯ ಟಪಾಲಿಗೆ ಹುಬ್ಬಳ್ಳಿಯಿಂದ ಕಾರ್ಡು. ಅಣ್ಣನ ಮಗಳು ಸುಲಭಾಗೆ ಮತ್ತೆ ರಕ್ತ ಕಾಣಿಸಿದೆ. ಇದು ಮೂರನೆಯ ಬಸಿರು. ಮೊದಲಿನ ಎರಡೂ ಮೂರನೆಯ ತಿಂಗಳಿಗೇ ಹೋದವು... ನಾಳೆ ಮೊದಲ ರೈಲಿಗೆ ಹೋಗುತ್ತೇನೆ.

೨೪ ನವೆಂಬರ್, ಭಾನುವಾರ

ಹತ್ತು ದಿನ ಹುಬ್ಬಳ್ಳಿಯಲ್ಲಿ. ಸುಲಭಾಳನ್ನು ಹಾಸಿಗೆಯಿಂದ ಏಳಗೊಡಲಿಲ್ಲ. ಡಾಕ್ಟರು ಬರೆದುಕೊಟ್ಟಂತೆ ಅಫೀಮಿನ ಟಿಂಚರು, ಎಣಿಸಿ ಹನಿ ಹನಿ. ಐದನೆಯ ದಿನ ರಕ್ತ ನಿಂತಿತು. ನಿನ್ನೆ ಧಾರವಾಡಕ್ಕೆ, ಮಾಳಮಡ್ಡಿಯ ನಮ್ಮ ಮನೆಗೆ ಕರೆತಂದೆ. ಸ್ಟೇಶನ್ನಿನಿಂದ ಶಾಬುದ್ದೀನನ ಟಾಂಗಾ. ಮುದುಕ ಕುದುರೆಯನ್ನು ನಡೆಸಿಕೊಂಡೇ ಬಂದ, ಹಗ್ಗ ಹಿಡಿದು, ಕಲ್ಲು ಕಂಡಲ್ಲೆಲ್ಲ ನಿಂತು.

ಬೀಗತಿ ತಾರಾಬಾಯಿ ಕಳಿಸುವಾಗ ಬಾಗಿಲಲ್ಲಿ ನಿಂತು ಹೇಳಿದ್ದು: “ಎರಡು ಸಲ ನಮ್ಮ ಮನ್ಯಾಗ ಹೋತು. ಈ ಸಲ ನಿಮ್ಮ ಮನ್ಯಾಗ ಇರಲಿ. ನೀವು ಶಾಣ್ಯಾ ಇದ್ದೀರಿ, ಕಾಯ್ರಿ.” ಅದು ಬಯ್ಗುಳವೋ ಬೇಡಿಕೆಯೋ ಗೊತ್ತಾಗಲಿಲ್ಲ. ಆ ಹೆಂಗಸಿನ ಬಾಯಲ್ಲಿ ಎರಡೂ ಒಂದೇ ರೀತಿ ಬರುತ್ತವೆ. ಅಳಿಯ ಬಿಂದುಮಾಧವ ರೇಲ್ವೆ ಆಫೀಸಿಗೆ ಅರ್ಧ ದಿನ ರಜೆ ಹಾಕಿ ರೈಲಿನ ಡಬ್ಬಿಯೊಳಗೆ ಹಾಸಿಗೆ ಹಾಸಿಕೊಟ್ಟು ಹೋದ. ಒಳ್ಳೆಯ ಹುಡುಗ. ತಾಯಿಯ ಮುಂದೆ ಮಾತ್ರ ಮೂಕ.

ಸುಲಭಾಗೆ ತಾಯಿ ಹೋದಾಗ ನಾಲ್ಕು ವರ್ಷ. ಅಣ್ಣನ ಮಗಳಾದರೂ ಜಡೆ ಹಾಕಿ ಬೆಳೆಸಿದವಳು ನಾನು. ಈ ಸಲ ಏನಾದರೂ ಆದರೆ—ಬರೆಯುವುದಿಲ್ಲ.

೧೫ ಡಿಸೆಂಬರ್, ಭಾನುವಾರ

ಬೆಡ್ ರೆಸ್ಟ್. ಮಂಚದ ಕಾಲಿನ ಕಡೆ ಎರಡು ಇಟ್ಟಿಗೆ. ಸುಲಭಾ ಮಾಳಿಗೆಯ ಜಂತಿ ಎಣಿಸಿ ಎಣಿಸಿ ಬೇಸತ್ತಿದ್ದಾಳೆ. “ಅತ್ಯಾ, ಹನ್ನೊಂದು ಜಂತಿ ಅವ. ದಿನಾ ಎಣಿಸಿದರೂ ಹನ್ನೊಂದೇ.”

ಡಾಕ್ಟರು ಬಂದು ಹೋದರು. ಹೊಟ್ಟೆ ಮೆತ್ತಗಿದೆ. ಟಿಂಚರು ಬೇಕಾದಾಗ ಮಾತ್ರ, ಜೊತೆಗೆ ಹೊಸದೊಂದು ಕಪ್ಪು ಔಷಧ, ಯಾವುದೋ ಗಿಡದ ತೊಗಟೆಯದು. ಕೈ ತೊಳೆದುಕೊಳ್ಳುತ್ತ ಹೇಳಿದರು:

“ಎರಡು ಥರದ ಔಷಧ ಅವ ಅಂಬಾಬಾಯಿ. ಒಂದು ಗರ್ಭಚೀಲಕ್ಕ ಮಲಗು ಅಂತದ. ಇನ್ನೊಂದು ಏಳು ಅಂತದ. ಮಲಗಸೂದು ಭಾಳ ಕಷ್ಟ, ಖರೇ ಹೇಳಬೇಕಂದ್ರ ಔಷಧಕ್ಕಿಂತ ಹಾಸಿಗೀನೇ ಹೆಚ್ಚು ಮಲಗಸ್ತದ. ಎಬ್ಬಸೂದು ಏನು, ಒಂದು ಸೂಜಿ ಸಾಕು. ನನಗ ಅಂಜಿಕಿ ಎಬ್ಬಸೂದರದು.”

ನಾನು ಹೌದ್ರಿ ಎಂದೆ. ಬೆಳಗಾವಿಯಲ್ಲಿ ಮೂರು ವರ್ಷ ಕಲಿತವಳಿಗೆ ಇದನ್ನು ಹೇಳಬೇಕೇ ಎಂದು ಒಳಗೆ ಸ್ವಲ್ಪ ಸಿಟ್ಟೂ ಬಂತು.

೨೩ ಡಿಸೆಂಬರ್

ಕೂಸು ಅಲುಗಿತು! ಮಧ್ಯಾಹ್ನ ಊಟದ ನಂತರ. ಸುಲಭಾ ನನ್ನ ಕೈ ಎಳೆದು ಹೊಟ್ಟೆಯ ಮೇಲಿಟ್ಟುಕೊಂಡಳು. ಎಷ್ಟು ನೂರು ಹೊಟ್ಟೆ ಮುಟ್ಟಿದ ಕೈ ಇದು. ಇಂದು ಮಾತ್ರ ತೆಗೆಯಲು ಮನಸ್ಸಾಗಲಿಲ್ಲ. ಅಣ್ಣ ಪಾಠ ಮುಗಿಸಿ ಸಾಲಿಯಿಂದ ಬಂದವನೇ ಸುದ್ದಿ ಕೇಳಿ, ಟೋಪಿಯನ್ನೂ ತೆಗೆಯದೆ ದೇವರ ಮುಂದೆ ಕೂತುಬಿಟ್ಟ.

೨೦ ಫೆಬ್ರುವರಿ ೧೯೩೬, ಗುರುವಾರ

ಮೂರು ದಿನದಿಂದ ಕಣ್ಣು ಮುಚ್ಚಿಲ್ಲ. ಏಳನೆಯ ತಿಂಗಳು. ಮಂಗಳವಾರ ಬೇನೆ ಶುರುವಾಯಿತು. ಅರ್ಧ ತಾಸಿಗೊಮ್ಮೆ, ಆಮೇಲೆ ಕಾಲು ತಾಸಿಗೊಮ್ಮೆ. ಟಿಂಚರು, ಬ್ರೋಮೈಡು. ಡಾಕ್ಟರು ಮಾರ್ಫಿಯಾ ಸೂಜಿಯನ್ನೂ ಹಾಕಿದರು. ಸುಲಭಾ ಅರೆನಿದ್ದೆಯಲ್ಲಿ ಏನೇನೋ ಬಡಬಡಿಸಿದಳು. ನಾನು ಅವಳ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅದರ ಸಂಗಡವೇ ಮಾತಾಡಿದೆ. ಸುಮ್ಮನಿರವ್ವಾ, ಇನ್ನೊಂದು ಸ್ವಲ್ಪ ದಿವಸ ಸುಮ್ಮನಿರು. ಹುಚ್ಚಿಯ ಹಾಗೆ. ಇಂದು ಬೆಳಿಗ್ಗೆ ಹೊಟ್ಟೆ ಗಟ್ಟಿಯಾಗುವುದು ನಿಂತಿತು. ಮಧ್ಯಾಹ್ನದ ಹೊತ್ತಿಗೆ ಕಣಕದಂತೆ ಮೆತ್ತಗೆ. ಅಡಿಗೆಮನೆಗೆ ಹೋಗಿ ಅತ್ತೆ.

೫ ಏಪ್ರಿಲ್, ಭಾನುವಾರ

ಔಷಧ ಎಲ್ಲ ಬಂದ್. ಇನ್ನು ಯಾವಾಗ ಬಂದರೂ ಬರಲಿ ಎಂದರು ಡಾಕ್ಟರು. ಮಂಚದ ಇಟ್ಟಿಗೆ ತೆಗೆದೆ. ಸುಲಭಾ ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆದು ನಕ್ಕಳು.

ಈಗ ಅಣ್ಣನಿಗೆ ಹೊಸ ಕೆಲಸ. ಪಂಚಾಂಗ ಹಿಡಿದು ಕೂತಿದ್ದಾನೆ. ಮೇ ಒಂಬತ್ತರ ಸಂಜೆಯಿಂದ ಹತ್ತರ ಸಂಜೆಯವರೆಗೆ ಮೂಲಾ ನಕ್ಷತ್ರ. ಡಾಕ್ಟರು ಹೇಳಿದ ದಿನಗಳೂ ಅವೇ. ಮೂಲಾದ ಮೊದಲ ಪಾದ ತಂದೆಗೆ ಕೇಡು ಎಂದು ಬರೆದಿದೆಯಂತೆ. “ತಾರಾಬಾಯಿಗೆ ಒಬ್ಬನೇ ಮಗ, ಅಂಬೂ. ಮೂಲಾದಾಗ ಹುಟ್ಟಿತಂದ್ರ ಕೂಸನ್ನೂ ತಾಯಿನ್ನೂ ಇಲ್ಲೇ ಬಿಡತಾರ.” ನಾನು ನಕ್ಕು, ಹೆರಿಗೆ ಅಂದರೆ ರೇಲ್ವೆ ಟೈಮ್ ಟೇಬಲ್ ಅಲ್ಲ ಎಂದೆ.

ನಕ್ಕೆ, ಆದರೆ ಆಮೇಲೆ ಊಟ ಸೇರಲಿಲ್ಲ. ನಾನೇ ಮೂಲಾದವಳು. ಹನ್ನೊಂದಕ್ಕೆ ಮದುವೆ. ವರ್ಷದೊಳಗೆ ಮಾವ ಹೋದರು. ೧೯೧೮ರ ಇನ್‌ಫ್ಲುಯೆಂಜಾ ಜ್ವರದಲ್ಲಿ ಗಂಡ. ಅತ್ತೆ ನನ್ನ ಹೆಸರು ಹಿಡಿದು ಕರೆದದ್ದು ನೆನಪಿಲ್ಲ. ‘ಮೂಲಾ’ ಎಂದೇ ಕರೆದರು, ನೀರು ಕೇಳುವಾಗಲೂ. ತಲೆ ಬೋಳಿಸಿ ಕೆಂಪು ಸೀರೆ ಉಡಿಸುವ ಮೊದಲೇ ಅಣ್ಣ ಹೋಗಿ ಕರೆತಂದ. ಊರು ಏನಂದರೂ ಕೇಳದೆ ನರ್ಸಿನ ಸಾಲಿಗೆ ಹಾಕಿದ. ಅಂಥ ಅಣ್ಣನೂ ಪಂಚಾಂಗ ಬಿಡಲಾರ. ನನ್ನ ಜಾತಕ ನೋಡಿಯೇ ಅವನಿಗೆ ಈ ಅಂಜಿಕೆ ಇರಬೇಕು.

೯ ಮೇ, ಶನಿವಾರ, ಬೆಳಿಗ್ಗೆ ೭

ಐದಕ್ಕೆ ಬೇನೆ ಶುರು. ಛಲೋ ಬೇನೆ. ಒಂದೂವರೆ ಬೆರಳು. ಕೂಸಿನ ಎದೆಬಡಿತ ೧೪೦. ಹುಬ್ಬಳ್ಳಿಗೆ ಕಾರ್ಡು, ಡಾಕ್ಟರಿಗೆ ಚೀಟಿ ಕಳಿಸಿದೆ. ಡಾಕ್ಟರು ಹುಬ್ಬಳ್ಳಿ ದಾರಿಯ ಹಳ್ಳಿಯೊಂದಕ್ಕೆ ಹೊರಟಿದ್ದಾರೆ, ಸಂಜೆ ಐದೂವರೆಗೆ ಬರುತ್ತಾರೆ. ಚೊಚ್ಚಲ ಹೆರಿಗೆ, ಅಷ್ಟರೊಳಗೆ ಏನೂ ಆಗದು ಎಂದು ಬರೆದಿದ್ದಾರೆ. ಅಣ್ಣ ಪಂಚಾಂಗದ ಘಟಿಗಳನ್ನು ತಾಸು ಮಾಡಿ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದ. ಸಂಜೆ ಆರು ಗಂಟೆ ಹತ್ತು ನಿಮಿಷಕ್ಕೆ ಮೂಲಾ ಹತ್ತುತ್ತದೆ.

೧೧.೩೦

ಎರಡೂವರೆ ಬೆರಳು. ಎಲ್ಲ ಸರಿ. ಸೆಕೆ. ಸುಲಭಾ ಬೇನೆಯ ನಡುವೆ ಮಜ್ಜಿಗೆ ಕುಡಿದಳು. “ಅತ್ಯಾ, ಹೆಣ್ಣು ಹುಟ್ಟಿದರ ನಿನ್ನ ಹೆಸರ ಇಡತೀನಿ.” ಬೇಡವೇ ಬೇಡ ಎಂದೆ.

ಮಧ್ಯಾಹ್ನ ೩

ಮೂರು, ಮೂರೂವರೆ ಬೆರಳು. ನಿಧಾನ. ಬೇನೆ ಸ್ವಲ್ಪ ಸಡಿಲಾಗಿವೆ. ಕೂಸು ಚೆನ್ನಾಗಿದೆ. ಅಣ್ಣ ಹತ್ತು ನಿಮಿಷಕ್ಕೊಮ್ಮೆ ಬಾಗಿಲಿಗೆ ಬರುತ್ತಾನೆ. “ಅಂಬೂ, ಮೂರು ತಾಸು ಉಳೀತು. ಏನರೆ ಮಾಡಲಿಕ್ಕೆ ಬರತದೇನು ನೋಡು.” ಬರುವುದಿಲ್ಲ ಎಂದೆ. ಕೈ ಮುಗಿದ. ನನಗೆ ಕೈ ಮುಗಿದ, ಅಣ್ಣ...

೧೯ ಮೇ, ಮಂಗಳವಾರ

ಹತ್ತು ದಿನ ಈ ಪುಸ್ತಕ ತೆರೆದಿಲ್ಲ. ಬರೆಯಲೇಬೇಕು. ಎಲ್ಲಿಯೂ ಹೇಳಿಲ್ಲ, ಇಲ್ಲಾದರೂ.

ನಾಲ್ಕೂಕಾಲಿಗೆ ನೋಡಿದಾಗ ನಾಲ್ಕು ಬೆರಳು. ಪೂರ್ತಿ ತೆರೆಯಲು ಇನ್ನೊಂದು ಬೆರಳು ಬೇಕು. ಎರಡು ತಾಸು ಬೇಕಾಗಬಹುದು, ಮೂರೂ ಆಗಬಹುದು. ಆರು ದಾಟುತ್ತದೆ. ನನಗೆ ಆಗ ಕಂಡದ್ದು ಸುಲಭಾ ಅಲ್ಲ. ಒಂದು ಹುಡುಗಿ ಹಿತ್ತಲ ಬಾಗಿಲಲ್ಲಿ ನಿಂತಿದೆ, ಒಳಗಿನಿಂದ ಯಾರೋ ‘ಮೂಲಾ, ನೀರು ತಾ’ ಎನ್ನುತ್ತಿದ್ದಾರೆ. ಅದನ್ನು ನಾನು ತಡೆಯಬಲ್ಲೆ. ನನ್ನ ಚೀಲದಲ್ಲಿ ಅದಕ್ಕೆ ಔಷಧ ಇದೆ. ನಾಲ್ಕು ಬೆರಳಾಗಿದೆಯಲ್ಲ, ಒಂದೇ ಚಿಕ್ಕ ಸೀಸೆ ತಾನೆ, ಇಷ್ಟು ನೂರು ಹೆರಿಗೆ ಮಾಡಿದ ಕೈ ತಾನೆ. ಹೀಗೆಲ್ಲ ಅಂದುಕೊಂಡೆ. ಸೀಸೆಯ ಕುತ್ತಿಗೆ ಮುರಿದೆ. ಅರ್ಧ ಸಿ.ಸಿ. ತೋಳಿಗೆ ಚುಚ್ಚಿದೆ. “ಏನದು ಅತ್ಯಾ?” ಎಂದಳು ಸುಲಭಾ. “ಶಕ್ತಿ ಬರಲಿ ಅಂತ” ಎಂದೆ.

ಹತ್ತು ನಿಮಿಷಕ್ಕೆ ಹೊಟ್ಟೆ ಕಲ್ಲಾಯಿತು. ಬೇನೆ ಎಂದರೆ ಬರಬೇಕು, ಹೋಗಬೇಕು. ನಡುವೆ ಗರ್ಭಚೀಲ ಸಡಿಲಾದಾಗಲೇ ಕೂಸಿಗೆ ಉಸಿರು. ಇದು ಬಂದದ್ದು ಹೋಗಲೇ ಇಲ್ಲ. ಸುಲಭಾ ಕೂಗಲಿಲ್ಲ, ಕೂಗಲೂ ಬಿಡುವಿರಲಿಲ್ಲ. ಹೊಟ್ಟೆಗೆ ಮರದ ಕೊಂಬು ಹಚ್ಚಿ ಕೂಸಿನ ಎದೆಬಡಿತ ಕೇಳಿದೆ. ನೂರು. ಎಂಬತ್ತು. ಐವತ್ತು. ಫೆಬ್ರುವರಿಯಲ್ಲಿ ಸುಮ್ಮನಿರು ಎಂದು ಬೇಡಿಕೊಂಡ ಹೊಟ್ಟೆಯ ಮೇಲೆ ಮತ್ತೆ ಕೈಯಿಟ್ಟು ಸುಮ್ಮನಿರು, ಸುಮ್ಮನಿರು ಎಂದೆ. ಔಷಧಕ್ಕೆ ಕಿವಿ ಇಲ್ಲ. ಐದರ ಹೊತ್ತಿಗೆ ಕೊಂಬಿನಲ್ಲಿ ಏನೂ ಕೇಳಲಿಲ್ಲ.

ಡಾಕ್ಟರು ಹೇಳಿದ ಹೊತ್ತಿಗೇ ಬಂದರು. ಹೊಟ್ಟೆ ಮುಟ್ಟಿದವರೇ ನನ್ನ ಮುಖ ನೋಡಿದರು. “ಏನರೆ ಕೊಟ್ಟೀರೇನು?”

“ಇಲ್ಲ.”

ಒಂದೇ ಶಬ್ದ. ಅಷ್ಟು ಸರಾಗವಾಗಿ ಬಂತು. ಖಾಲಿ ಸೀಸೆ ನನ್ನ ಸೊಂಟದಲ್ಲಿತ್ತು.

ಕ್ಲೋರೋಫಾರ್ಮ್ ಕೊಟ್ಟ ಮೇಲೆ ಗರ್ಭಚೀಲ ಸಡಿಲಾಯಿತು. ಚಿಮಟ ಹಾಕಿ ತೆಗೆದರು. ಗರ್ಭದ ಬಾಯಿ ಹರಿದಿತ್ತು, ಹೊಲಿಗೆ ಹಾಕಿದರು. ಸುಲಭಾ ಉಳಿದಳು. ಹೆಣ್ಣು ಕೂಸು, ತಲೆ ತುಂಬ ಕೂದಲು. ಐದು ಗಂಟೆ ಐವತ್ತು ನಿಮಿಷ. ಮೂಲಾ ಹತ್ತಲು ಇನ್ನೂ ಇಪ್ಪತ್ತು ನಿಮಿಷ ಇತ್ತು.

೨೭ ಮೇ, ಬುಧವಾರ

ಸುಲಭಾಗೆ ಎದೆಯಲ್ಲಿ ಹಾಲು. ಬಟ್ಟೆ ಬಿಗಿದು ಕಟ್ಟಿದ್ದೇನೆ, ಆದರೂ ಕುಪ್ಪಸ ತೋಯುತ್ತದೆ. ನಾನೇ ಕಟ್ಟುತ್ತೇನೆ, ನಾನೇ ಬಿಚ್ಚುತ್ತೇನೆ. ಅವಳು ಸುಮ್ಮನೆ ತೋಳು ಎತ್ತಿ ಕೂರುತ್ತಾಳೆ.

ಇಂದು ಹೇಳಿದಳು: “ನೀ ಶಕ್ತಿಗಂತ ಸೂಜಿ ಹಾಕಿದಿ ಅತ್ಯಾ. ಆದರೂ ನನಗ ಶಕ್ತಿ ಸಾಲಲಿಲ್ಲ.” ಕೈಯಲ್ಲಿದ್ದ ಬಟ್ಟೆಯ ಗಂಟು ಹಾಕಲು ಬರಲಿಲ್ಲ. ಎರಡು ಸಲ ಹಾಕಿದೆ.

೪ ಜೂನ್, ಗುರುವಾರ

ಡಾಕ್ಟರು ಅಣ್ಣನನ್ನು ಕೂಡಿಸಿಕೊಂಡು ಹೇಳಿದರು. ನಾನು ಬಾಗಿಲ ಹಿಂದೆ. ಎರಡು ಸಲ ಮೂರನೆಯ ತಿಂಗಳಿಗೆ ಹೋಯಿತು. ಏಳನೆಯ ತಿಂಗಳಿಗೆ ಬೇನೆ. ಈಗ ಯಾವ ಕಾರಣವೂ ಇಲ್ಲದೆ ಗರ್ಭಚೀಲ ಹೀಗೆ ಬಿಗಿದುಕೊಂಡಿದೆ. “ಅಕಿ ಗರ್ಭಚೀಲದ ಗುಣಾನೇ ಹಂಗದ ರಮಾಕಾಂತರಾಯರ. ಇನ್ನೊಂದು ಸಲ ಬಸಿರಾದ್ರ ಹರದು ಹೋಗಬಹುದು. ಜೀವಕ್ಕ ಅಪಾಯ ಅದ. ಹುಬ್ಬಳ್ಳಿಯವರಿಗೂ ಹಂಗೇ ಬರದು ತಿಳಸ್ತೀನಿ.”

ಯಾವ ಕಾರಣವೂ ಇಲ್ಲದೆ.

ನನ್ನ ಒಂದು ‘ಇಲ್ಲ’ದಿಂದ ಅವರು ಕಟ್ಟಿದ ರೋಗನಿದಾನ ಇದು. ಅವರ ಲೆಕ್ಕದಲ್ಲಿ ತಪ್ಪಿಲ್ಲ. ಆಗಲೇ ಒಳಗೆ ಹೋಗಬೇಕಿತ್ತು. ಬಾಗಿಲ ಚಿಲಕ ಹಿಡಿದುಕೊಂಡು ನಿಂತೆ. ಸರ್ಟಿಫಿಕೇಟು ಹೋಗುತ್ತದೆ ಎಂದು ನಿಂತೆ. ಅಣ್ಣ ಮನೆಯಿಂದ ಹೊರಗೆ ಹಾಕಿದರೆ ಎಂದು ನಿಂತೆ. ಇವೆಲ್ಲ ಹೇಳಿಕೊಳ್ಳಲು ಸೈ. ನಿಜ ಬೇರೆ. ಬೀದಿಯಲ್ಲಿ ಜನ ‘ಅಂಬಾಬಾಯಿ ಬಂದರು, ಇನ್ನು ಚಿಂತಿಲ್ಲ’ ಅನ್ನುತ್ತಾರಲ್ಲ, ಆ ಮಾತು ಬಿಡಲು ನನಗೆ ಆಗಲಿಲ್ಲ. ಎಂಥ ಹಾಳು ಜೀವ.

೨೧ ಜೂನ್, ಭಾನುವಾರ

ತಾರಾಬಾಯಿಯ ಕಾಗದ. ಗದಗಿನ ಕಡೆ ಒಂದು ಹೆಣ್ಣು ನೋಡಿದ್ದಾರೆ. ಆಷಾಢ ಕಳೆದು ಶ್ರಾವಣದಲ್ಲಿ ಬಿಂದುಮಾಧವನಿಗೆ ಎರಡನೆಯ ಮದುವೆ. ‘ಸುಲಭಾನೂ ಬರಲಿ. ಹಿರಿಯಳಾಗಿ ಇರಲಿ. ಆಕೆಗೆ ಅನ್ನಕ್ಕೆ ಕಡಿಮೆ ಮಾಡುವುದಿಲ್ಲ’ ಎಂದು ಬರೆಸಿದ್ದಾರೆ.

ಅಣ್ಣ ಕಾಗದ ಓದಿ ಮಡಿಚಿದ. ಸುಲಭಾ ಕೇಳಿದ್ದು ಒಂದೇ: ಅವರು ಒಪ್ಪಿದ್ದಾರೇನು? ಬಿಂದುಮಾಧವ ಏನೂ ಬರೆದಿರಲಿಲ್ಲ. ಆಮೇಲೆ ತಾನೇ ಹೇಳಿದಳು. “ಮಾಡಿಕೊಳ್ಳಲಿ ಅಪ್ಪಾ. ಕೆಟ್ಟ ಹೊಟ್ಟಿ ನಂದು. ಅವರದೇನು ತಪ್ಪು?”

ಇಷ್ಟು ವರ್ಷ ನಾನು ಜಡೆ ಹಾಕಿದ ಹುಡುಗಿ ನನ್ನ ಕಣ್ಣೆದುರಿಗೆ ಸವತಿಯ ಮನೆಗೆ ಹೋಗಲು ತಯಾರಾಗುತ್ತಿದ್ದಾಳೆ, ನನ್ನ ಸುಳ್ಳನ್ನು ತನ್ನ ಮೈಯ ದೋಷ ಎಂದು ಹೊತ್ತುಕೊಂಡು. ಮೂಲಾ ಎಂದು ನನ್ನನ್ನು ಕರೆದವರು ಇದಕ್ಕಿಂತ ಹೆಚ್ಚಿನದೇನು ಮಾಡಿದ್ದರು?

೨೯ ಜೂನ್, ಸೋಮವಾರ

ಎಂಟು ದಿನ ಬೇಕಾದವು ದವಾಖಾನೆಯ ಮೆಟ್ಟಿಲು ಹತ್ತಲು. ಮೂರು ಸಲ ಮೂಲೆಯವರೆಗೆ ಹೋಗಿ ತಿರುಗಿ ಬಂದೆ. ಇಂದು ರೋಗಿಗಳೆಲ್ಲ ಹೋದ ಮೇಲೆ ಒಳಗೆ ಹೋದೆ. ಖಾಲಿ ಸೀಸೆಯನ್ನು ಮೇಜಿನ ಮೇಲಿಟ್ಟೆ.

ಡಾಕ್ಟರ್ ಏಕನಾಥರು ಅದನ್ನು ಎತ್ತಿ ಬೆಳಕಿಗೆ ಹಿಡಿದರು. “ಎಷ್ಟು ಬೆರಳಿತ್ತು?”

“ನಾಲ್ಕು.”

“ನಾ ಕೇಳಿದಾಗ ಯಾಕ ಇಲ್ಲ ಅಂದ್ರಿ?”

ಅವರಿಗೆ ಸಿಟ್ಟು ಬಂದದ್ದನ್ನು ಹದಿಮೂರು ವರ್ಷದಲ್ಲಿ ನೋಡಿರಲಿಲ್ಲ. “ಕೂಸು ಹೋತು, ಅದು ಒಂದು. ಆದರ ಇಲ್ಲದ ರೋಗಾ ಆ ಹುಡುಗಿ ಮ್ಯಾಲೆ ನನ್ನ ಕೈಯಿಂದ ಬರಸಿದ್ರಿ! ನಾ ಸಹಿ ಮಾಡಿ ಕಳಿಸೀನಿ!” ಆಮೇಲೆ ಧ್ವನಿ ತಗ್ಗಿತು. “ಸೀಸೆ ನಿಮ್ಮ ಚೀಲದಾಗ ಇಟ್ಟಾಂವ ನಾನು. ಅದನ್ನೂ ಬರೀತೀನಿ.”

ಎರಡು ಕಾಗದ ಬರೆದರು. ಒಂದು ಮುಂಬಯಿಗೆ, ನನಗೆ ನರ್ಸಿನ ಸರ್ಟಿಫಿಕೇಟು ಕೊಟ್ಟವರಿಗೆ. ಇನ್ನೊಂದು ಹುಬ್ಬಳ್ಳಿಗೆ. ಗರ್ಭಚೀಲಕ್ಕೆ ಹುಟ್ಟಿನಿಂದ ಯಾವ ದೋಷವೂ ಇಲ್ಲ, ಅದು ಬಿಗಿದದ್ದು ಔಷಧದಿಂದ. ಹೊಲಿಗೆ ಮಾಗಿದೆ. ಒಂದು ವರ್ಷ ಬಿಟ್ಟು ಬಸಿರಾಗಲಿ, ಮೊದಲ ತಿಂಗಳುಗಳಲ್ಲಿ ಹಾಸಿಗೆ ಹಿಡಿದಿರಲಿ, ಹೆರಿಗೆ ಆಸ್ಪತ್ರೆಯಲ್ಲಿ ಆಗಲಿ. ಹುಬ್ಬಳ್ಳಿಯದನ್ನು ನನ್ನ ಕೈಗೇ ಕೊಟ್ಟರು. “ಟಪಾಲಿಗೆ ಹಾಕೂದಿಲ್ಲ. ನೀವು ಹೋಗ್ರಿ, ನೀವು ಹೇಳ್ರಿ.” ಉಳಿದ ಒಂದು ಸೀಸೆ ತೆಗೆದುಕೊಂಡರು. ನಾಳೆಯಿಂದ ಅವರ ಕೇಸುಗಳಿಗೆ ನಾನು ಬರುವಂತಿಲ್ಲ.

೧ ಜುಲೈ, ಬುಧವಾರ

ಹುಬ್ಬಳ್ಳಿಗೆ ಹೋಗಿ ಬಂದೆ.

ಬಿಂದುಮಾಧವ ಆಫೀಸಿಗೆ ಹೊರಟಿದ್ದವನು ಕೋಟು ಹಾಕಿಕೊಂಡೇ ಕಾಗದ ಓದಿದ, ತಾಯಿಗೆ ಕೇಳಿಸುವಂತೆ, ಗಟ್ಟಿಯಾಗಿ. ನಡುವೆ ಎರಡು ಸಲ ನಿಂತ. ಉಳಿದದ್ದನ್ನು ನಾನೇ ಹೇಳಿದೆ. ಮೂಲಾ, ಆರು ಗಂಟೆ ಹತ್ತು ನಿಮಿಷ, ನೀವು ಕೂಸನ್ನೂ ತಾಯಿಯನ್ನೂ ಬಿಟ್ಟುಬಿಡುತ್ತೀರಿ ಎಂಬ ಅಂಜಿಕೆ.

ತಾರಾಬಾಯಿ ಸೋಸುತ್ತಿದ್ದ ಸೊಪ್ಪನ್ನು ಬದಿಗೆ ಸರಿಸಿದರು. “ಎಲ್ಲಿ ಆರು ಗಂಟಿ? ನಮ್ಮ ಮನ್ಯಾಗ ಹೊಸ ಪಂಚಾಂಗ. ಅದರಾಗ ಅವತ್ತ ಮುಂಜಾನೆ ಹತ್ತಕ್ಕೇ ಮೂಲಾ ಹತ್ತಿತ್ತು. ಸಂಜೀ ಟಪಾಲಿಗೆ ನಿಮ್ಮ ಕಾರ್ಡು ಬಂತು, ಬ್ಯಾನಿ ಶುರು ಆಗ್ಯಾವ ಅಂತ. ನಾ ಆಗಲೇ ಭಟ್ಟರಿಗೆ ಹೇಳಿ ಕಳಿಸಿದ್ದೆ, ಶಾಂತಿಗೆ ಏನೇನು ಬೇಕು ಅಂತ.”

“ಶಾಂತಿಗೆ?”

“ಮತ್ತೇನು ಮಾಡತಾರ? ಇಪ್ಪತ್ತೇಳು ದಿವಸ ಇಂವ ಕೂಸಿನ ಮಾರಿ ನೋಡತಿದ್ದಿಲ್ಲ. ಆಮ್ಯಾಲೆ ಶಾಂತಿ ಮಾಡಿಸಿ, ಎಣ್ಣಿ ಬಟ್ಟಲದಾಗ ಕೂಸಿನ ನೆರಳ ನೋಡಿ ಎತ್ತಿಕೋತಿದ್ದ. ಮೂಲಾದಾಗ ಹುಟ್ಟಿದ ಕೂಸು ಯಾರ ಮನ್ಯಾಗಿಲ್ಲ? ನನ್ನ ತಮ್ಮ ಮೂಲಾದಾಂವ. ಬೆಳಗಾವಿಯಾಗ ವಕೀಲಿ ಮಾಡತಾನ.” ಸೊಪ್ಪನ್ನು ಮತ್ತೆ ಮುಂದಕ್ಕೆ ಎಳೆದುಕೊಂಡರು. “ಒಂದು ಮಾತು ನನ್ನ ಕೇಳಬೇಕಿತ್ತಲ್ಲವಾ. ನಿಮ್ಮ ಅಂಜಿಕಿಗೆ ನನ್ನ ಹೆಸರ ಹಚ್ಚಿದ್ರಿ.”

ಕೇಳಿರಲಿಲ್ಲ. ಅಣ್ಣನೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಈ ಹೆಂಗಸೂ ನನ್ನ ಅತ್ತೆಯಂಥವಳೇ ಎಂದು ಇಬ್ಬರೂ ನಿರ್ಧಾರ ಮಾಡಿಬಿಟ್ಟಿದ್ದೆವು, ಇಪ್ಪತ್ತು ಹರದಾರಿ ದೂರ ಅಲ್ಲ, ಒಂದು ತಾಸಿನ ರೈಲು ದಾರಿಯಲ್ಲಿ ಕೂತುಕೊಂಡು.

ಬಿಂದುಮಾಧವ ಕಾಗದ ಮಡಿಚಿ ಕಿಸೆಯಲ್ಲಿಟ್ಟುಕೊಂಡ. “ಅವ್ವಾ, ಗದಗಿಗೆ ಬ್ಯಾಡ ಅಂತ ಬರೀತೀನಿ.” ತಾರಾಬಾಯಿ ತಲೆ ಎತ್ತಿ ಅವನ ಮುಖ ನೋಡಿದರು. ಅವನು ಮತ್ತೆ ಹೇಳಿದ. “ಇವತ್ತೇ ಬರೀತೀನಿ.” ಹೂಂ ಎಂದರು. ಆಷಾಢ ಮುಗಿದ ಮೇಲೆ ತಾನೇ ಬಂದು ಕರೆದೊಯ್ಯುತ್ತಾನಂತೆ. ನನ್ನ ಕಡೆ ನೋಡಲಿಲ್ಲ. ಯಾರೂ ನೀರು ಬೇಕೇ ಎಂದು ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ.

೨ ಜುಲೈ, ಗುರುವಾರ

ಹೇಳಿದೆ. ಬೆಳಿಗ್ಗೆ, ಸುಲಭಾ ಹಿತ್ತಲಲ್ಲಿ ಕೂದಲು ಒಣಗಿಸುತ್ತಿದ್ದಾಗ. ನಿಂತುಕೊಂಡೇ ಹೇಳಿದೆ, ಕೂತರೆ ಹೇಳಲಾಗುತ್ತಿರಲಿಲ್ಲ. ಸೂಜಿ ಶಕ್ತಿಗಲ್ಲ. ಕೂಸು ಚೆನ್ನಾಗಿತ್ತು. ನಾನು ಕಾಯಲಿಲ್ಲ. ಡಾಕ್ಟರಿಗೆ ಸುಳ್ಳು ಹೇಳಿದೆ.

ಸುಲಭಾ ಕೇಳಿದ್ದು: “ಹಂಗಾರ ನನ್ನ ಹೊಟ್ಟಿ ಛಲೋ ಅದ?”

“ಛಲೋ ಅದವ್ವಾ.”

“ಖರೇನ? ಡಾಕ್ಟರ ಹಂಗಂತ ಬರದಾರ?”

ಎದ್ದುಬಿಟ್ಟಳು. ನಕ್ಕಳು, ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು. ಅಪ್ಪಾ, ಅಪ್ಪಾ ಎಂದು ಕೂಗುತ್ತ ಒಳಗೆ ಓಡಿದಳು. ನಡುಮನೆಯ ಹೊಸ್ತಿಲವರೆಗೆ ಓಡಿದ್ದು ಕೇಳಿಸಿತು. ಅಲ್ಲಿ ನಿಂತಿತು. ಕೂಸೂ ಚೆನ್ನಾಗಿತ್ತು ಎಂಬ ಮಾತು ಅವಳಿಗೆ ಆಗ ತಟ್ಟಿರಬೇಕು. ಆಮೇಲೆ ಅಳು. ಮೇಲಿನಿಂದ ಬಿದ್ದವರ ಅಳುವಿನಂಥದು. ಮೇ ಒಂಬತ್ತರಂದು ಅವಳು ಅತ್ತಿರಲಿಲ್ಲ.

ಅಣ್ಣನಿಗೂ ಹೇಳಿದೆ. ಅವನು ಬಾವಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡ, ಕೊಡದ ಮೇಲೆ ಕೊಡ. ಆಮೇಲೆ ಒದ್ದೆ ಪಂಚೆಯಲ್ಲೇ ಒಳಗೆ ಬಂದು ಗೋಡೆಯ ಮೇಲಿನ ಸುಣ್ಣದ ಬರಹವನ್ನು ಒರೆಸಿದ.

೯ ಜುಲೈ

ಹುಲಿಗೆವ್ವ ಬಂದಿದ್ದಳು, ಕೇಸಿಗೆ ಕರೆಯಲು. ಬರುವುದಿಲ್ಲ ಎಂದೆ. “ಆರಾಮ ಇಲ್ಲೇನ್ರೀ ಬಾಯಾರ?” ಎಂದಳು. ಆ ಹುಡುಗಿಗೆ ಏನೂ ಕುಡಿಸಬೇಡ, ಸುಮ್ಮನೆ ಪಕ್ಕದಲ್ಲಿ ಕೂತುಕೋ ಎಂದೆ. ಈ ಸಲ ಉಪದೇಶ ಅಲ್ಲ. ಅವಳಿಗೆ ಹಾಗೆ ಕೇಳಿಸಿತೋ ಏನೋ.

ಸುಲಭಾ ನನ್ನೊಡನೆ ಮಾತಾಡುವುದಿಲ್ಲ. ಜಗಳವೂ ಇಲ್ಲ. ನಾನು ಬಡಿಸಿದರೆ ಉಣ್ಣುತ್ತಾಳೆ. ಜಡೆ ತಾನೇ ಹಾಕಿಕೊಳ್ಳುತ್ತಾಳೆ, ಸೊಟ್ಟಗೆ.

೨೦ ಜುಲೈ, ಸೋಮವಾರ

ಬಿಂದುಮಾಧವ ಬಂದು ಕರೆದುಕೊಂಡು ಹೋದ.

ಉಡಿ ತುಂಬಲು ಪಕ್ಕದ ಮನೆಯವರನ್ನು ಕರೆಸಿದ್ದೆ, ನಾನು ತುಂಬುವಂತಿಲ್ಲವಲ್ಲ. ದೇವರಿಗೆ, ಅಪ್ಪನಿಗೆ ನಮಸ್ಕಾರ ಮಾಡಿದಳು. ನನ್ನ ಮುಂದೆ ಬಂದು ನಿಂತಳು. ಬಗ್ಗಲಿಲ್ಲ. ಹದಿನೆಂಟು ದಿನಗಳಲ್ಲಿ ಮೊದಲ ಮಾತು. ಗಟ್ಟಿಯಾಗಿಯೂ ಅಲ್ಲ, ಸಿಟ್ಟಿನಿಂದಲೂ ಅಲ್ಲ.

“ಅತ್ಯಾ, ಮುಂದಿನ ಸಲ ನಾ ಬಾಣಂತನಕ್ಕ ಇಲ್ಲಿಗೆ ಬರೂದಿಲ್ಲ.”

“ಬ್ಯಾಡವ್ವಾ” ಎಂದೆ.

“ನಮ್ಮತ್ತಿ ನೋಡಿಕೋತಾರ.”

ಹೂಂ ಎಂದೆ. ತಪ್ಪಾಯಿತು ಎಂಬ ಮಾತು ಎಲ್ಲರಿಗೂ ಹೇಳಿದ್ದೇನೆ, ಡಾಕ್ಟರಿಗೆ, ತಾರಾಬಾಯಿಗೆ, ಮುಂಬಯಿಯವರಿಗೂ ಬರೆದೆ. ಅವಳಿಗೆ ಹೇಳಿರಲಿಲ್ಲ. ಇಂದು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಶಾಬುದ್ದೀನ ಗಾಡಿ ತಿರುಗಿಸಿ ನಿಲ್ಲಿಸಿದ. ಬಿಂದುಮಾಧವ ಟ್ರಂಕು ಹೊತ್ತು ಆ ಕಡೆ ಹೋದ.

ಟಾಂಗಾದ ಮೆಟ್ಟಿಲು ಎತ್ತರ. ಉಡಿಯ ಭಾರಕ್ಕೆ ಅವಳ ಕಾಲು ಜಾರಿತು. ಇಷ್ಟು ವರ್ಷದ ಅಭ್ಯಾಸ, ನನ್ನ ಕೈ ತಾನಾಗಿ ಮುಂದೆ ಹೋಯಿತು. ಅವಳು ಕೈಯನ್ನು ನೋಡಿದಳು. ಆಮೇಲೆ ಶಾಬುದ್ದೀನನ ಹೆಗಲಿಗೆ ಕೈಯೂರಿ ಹತ್ತಿದಳು. ಮುದುಕ ಗಾಬರಿಯಾಗಿ ನನ್ನ ಮುಖ ನೋಡಿದ. ನಾನು ಆ ಕೈಯನ್ನು ಹಿಂದಕ್ಕೆ ಎಳೆದು ಸೆರಗಿನೊಳಗೆ ಇಟ್ಟುಕೊಂಡೆ.